ಹಿಂಜವಾಡಿಯಲ್ಲಿ ನೆನಪಾದ ಹಂದಿಗೋಡು

ಹಿಂಜವಾಡಿಯ ನಮ್ಮ ಟೀಮಿನಲ್ಲಿ ಕನ್ನಡ ಬಲ್ಲವನು ನಾನೊಬ್ಬನೇ. ಹಾಗಾಗಿ ಕಳೆದ ತಿಂಗಳು ಒಂದು ಒಪ್ಪಿಗೆ ಪತ್ರದ ಕನ್ನಡ ನೋಡಿಕೊಡುವ ಕೆಲಸ ನನ್ನ ತಲೆಗೆ ಬಂತು. ವಂಶವಾಹಿ ಸಂಶೋಧನೆಗೆ ರಕ್ತ ಕೊಡುವವರು ಮೊಬೈಲಿನಲ್ಲೇ ಓದಿ ಸಹಿ ಮಾಡುವ ಆ್ಯಪ್ ಅದು. ‘ನಿಮ್ಮ ಮಾದರಿಯನ್ನು ಭವಿಷ್ಯದ ಬಳಕೆಗಾಗಿ ಸಂಗ್ರಹಿಸಲಾಗುವುದು’ ಎಂದಿತ್ತು. ವ್ಯಾಕರಣ ಸರಿಯೇ. ಆದರೆ ಯಾರ ಬಳಕೆ, ಎಷ್ಟು ಕಾಲ?

ನಾನು ಸಾಗರದ ಕಡೆಯವನು. ಹಂದಿಗೋಡು ಕಾಯಿಲೆಯ ಹೆಸರು ಕೇಳದೆ ನಾವ್ಯಾರೂ ಬೆಳೆದಿಲ್ಲ. ಸೊಂಟ, ಮಂಡಿಯ ಕೀಲುಗಳು ಹಾಳಾಗಿ ನಡೆಯುವುದೇ ಕಷ್ಟವಾಗುವ ಈ ಕಾಯಿಲೆ 1970ರ ದಶಕದ ಮಧ್ಯದಲ್ಲಿ ಬೆಳಕಿಗೆ ಬಂತು. ಕಂಡದ್ದು ಹೆಚ್ಚಾಗಿ ದಲಿತ ಕೂಲಿ ಕುಟುಂಬಗಳಲ್ಲಿ. ಗದ್ದೆಗೆ ಹೊಡೆದ ಕೀಟನಾಶಕ, ಅಲ್ಲಿಯ ಏಡಿ ತಿಂದದ್ದು ಕಾರಣವೆಂದು ಮೊದಲು ಶಂಕಿಸಿದರು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯವರು ಕುಟುಂಬಗಳನ್ನು ಅಧ್ಯಯನ ಮಾಡಿದ ಮೇಲೆ ಇದು ಆನುವಂಶಿಕ ಎಂಬ ನಿರ್ಣಯ ಬಂತು. ತಂದೆ ತಾಯಿಯರಲ್ಲಿ ಒಬ್ಬರಿಗಿದ್ದರೂ ಪ್ರತಿ ಮಗುವಿಗೆ ಬರುವ ಸಾಧ್ಯತೆ ಅರ್ಧಕ್ಕರ್ಧ.

ವಿಷವೆಂದರೆ ದೂರಲು ಯಾರಾದರೂ ಇರುತ್ತಾರೆ. ರಕ್ತದಲ್ಲೇ ಇದೆ ಎಂದರೆ? ಹೆಣ್ಣು ಗಂಡು ನೋಡುವಾಗ ಮೊದಲು ಏಳುವ ಪ್ರಶ್ನೆ ಯಾವುದೆಂದು ಹೇಳಬೇಕಿಲ್ಲ. ಮೇಲೆ, ಕಾಯಿಲೆಗೆ ಊರಿನ ಹೆಸರೇ ಅಂಟಿತು. ಹೊಸ ರೋಗಗಳಿಗೆ ಊರಿನ ಹೆಸರಿಡಬೇಡಿ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದ್ದು 2015ರಲ್ಲಿ.

ಈಗ ಕೆಲಸ ದೊಡ್ಡ ಪ್ರಮಾಣದ್ದು. ಬೆಂಗಳೂರಿನ ಐಐಎಸ್‌ಸಿ ಆವರಣದ ಮಿದುಳು ಸಂಶೋಧನಾ ಕೇಂದ್ರ ಮುಂದಾಳತ್ವ ವಹಿಸಿದ ‘ಜೀನೋಮ್ ಇಂಡಿಯಾ’ದ 10,000 ಜನರ ದತ್ತಾಂಶ 2025ರ ಜನವರಿಯಲ್ಲಿ ಸಂಶೋಧಕರಿಗೆ ತೆರೆಯಿತು. ಇಂಥ ದತ್ತಾಂಶದಲ್ಲಿ ಹೆಸರು ತೆಗೆದಿರುತ್ತಾರೆ, ನಿಜ. ಆದರೆ ನಾಲ್ಕಾರು ಹಳ್ಳಿಯಷ್ಟೇ ಇರುವ ಸಮುದಾಯಕ್ಕೆ ಹೆಸರು ತೆಗೆದರೂ ಗುರುತು ಉಳಿದೀತು. ಡೇಟಾಬೇಸ್ ಕೆಲಸ ಮಾಡುವ ನಮಗೆ ಇದು ಗೊತ್ತು.

ಇದನ್ನೆಲ್ಲ ನೋಡುವವರು ಯಾರು ಎಂದು ಹುಡುಕುತ್ತ ಐಸಿಎಂಆರ್‌ನ 2017ರ ಮಾರ್ಗಸೂಚಿ ಓದಿದೆ. ನೈತಿಕ ಸಮಿತಿಯಲ್ಲಿ 7ರಿಂದ 15 ಜನ, ಅಧ್ಯಕ್ಷರು ಸಂಸ್ಥೆಯ ಹೊರಗಿನವರು. ವೈದ್ಯರಲ್ಲದ, ಸ್ಥಳೀಯ ಭಾಷೆ ಬಲ್ಲ ಒಬ್ಬ ಸಾಮಾನ್ಯರೂ ಇರಬೇಕು. ಹೊಟ್ಟೆಪಾಡಿನ ಹುದ್ದೆಯಲ್ಲ ಅದು. ಆದರೆ ನಮ್ಮಂಥವರಿಗೂ ಅಲ್ಲೊಂದು ಕುರ್ಚಿಯಿದೆ ಎಂಬುದು ಎಂ.ಟೆಕ್. ಮುಗಿಸಿ ಇಷ್ಟು ವರ್ಷವಾದರೂ ನನಗೆ ತಿಳಿದಿರಲಿಲ್ಲ. ಓದಿಯೇ ಈ ದಾರಿ ಹಿಡಿಯುವವರಿಗೆ ಮಂಗಳೂರಿನ ದೇರಳಕಟ್ಟೆಯ ಯೆನೆಪೋಯ ವಿಶ್ವವಿದ್ಯಾಲಯದಲ್ಲಿ ಜೈವಿಕ ನೀತಿಶಾಸ್ತ್ರದ ಸ್ನಾತಕೋತ್ತರ ಡಿಪ್ಲೊಮಾ ಇದೆ.

ಆ ಸಾಲನ್ನು ನಾನು ಹೀಗೆ ಬದಲಿಸಿದೆ: ‘ನಿಮ್ಮ ರಕ್ತವನ್ನು ಇಟ್ಟುಕೊಳ್ಳುತ್ತೇವೆ. ಮುಂದೆ ಬೇರೆಯವರೂ ಪರೀಕ್ಷೆ ಮಾಡಬಹುದು. ಬೇಡವೆಂದರೆ ನೀವು ಯಾವಾಗ ಬೇಕಾದರೂ ಹಿಂದೆ ಸರಿಯಬಹುದು.’ ಫೋನಿನಲ್ಲಿ ಅಮ್ಮನಿಗೆ ಓದಿ ಹೇಳಿದೆ. “ನನ್ನ ರಕ್ತ ಅಂದ್ರೆ ನಿಂದೂ ಅಲ್ವೇನೋ? ಹಾಗಾದ್ರೆ ನಿನ್ನನ್ನೂ ಒಂದು ಮಾತು ಕೇಳಬೇಕಲ್ಲ?” ಎಂದರು.

ಪರದೆಯಲ್ಲಿ ಎರಡೇ ಸಾಲಿಗೆ ಜಾಗ ಎಂದು ಮ್ಯಾನೇಜರ್ ಗೊಣಗಿದರೂ ಮೂರು ಸಾಲು ಉಳಿಸಿಕೊಂಡೆ. ಅಮ್ಮನ ಪ್ರಶ್ನೆಯನ್ನು ಸಮಿತಿಗೆ ಕಳಿಸಲು ಹೇಳಿದ್ದೇನೆ. ಉತ್ತರ ಇನ್ನೂ ಬಂದಿಲ್ಲ.