ನುಂಗಿದ್ದು ಹೊಟ್ಟೆಗೆ, ಚುಚ್ಚಿದ್ದು ಹೃದಯಕ್ಕೆ

"ಮಗಾ, ಕೆಂಚ ಯಾಕೋ ಮಂಕಾಗವ್ನೆ ಕಣೋ. ಅನ್ನ ಮುಟ್ತಿಲ್ಲ" ಅಂತ ಅಪ್ಪ ಸೋಲೂರಿನಿಂದ ಫೋನ್ ಮಾಡಿದಾಗ ನಾನು ಬೆಂಗಳೂರಿನ ಆಫೀಸಿನಲ್ಲಿದ್ದೆ. ವಿಡಿಯೊ ಕಾಲ್‌ನಲ್ಲಿ ನಾಯಿಯನ್ನು ನೋಡಿ, ಇಂಟರ್‌ನೆಟ್‌ನಲ್ಲಿ ನಾಲ್ಕು ಸಾಲು ಓದಿ, "ಹೊಟ್ಟೆ ಕೆಟ್ಟಿರಬೇಕು ಅಪ್ಪ, ಮಜ್ಜಿಗೆ ಅನ್ನ ಹಾಕಿ" ಅಂದುಬಿಟ್ಟೆ. ನನ್ನ ಆ ಜಾಣತನಕ್ಕೆ ನಾಲ್ಕು ದಿನ ಹಾಳಾಯಿತು.

ಶನಿವಾರ ಊರಿಗೆ ಹೋದಾಗ ಕೆಂಚ ಏದುಸಿರು ಬಿಡುತ್ತಿದ್ದ. ಹೊಟ್ಟೆ ಊದಿತ್ತು, ವಸಡು ಬಿಳಿಚಿಕೊಂಡಿತ್ತು. ಊರಿನ ಪಶುವೈದ್ಯರು ಸ್ಟೆತಾಸ್ಕೋಪ್ ಇಟ್ಟು, "ಎದೆಬಡಿತ ಎಲ್ಲೋ ದೂರದಿಂದ ಕೇಳಿಸ್ತಿದೆ. ಹೃದಯದ ಸುತ್ತ ನೀರು ತುಂಬಿರಬಹುದು. ತಡ ಮಾಡದೆ ಹೆಬ್ಬಾಳಕ್ಕೆ ಕರ್ಕೊಂಡು ಹೋಗಿ" ಅಂದರು.

ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲಿ ಸ್ಕ್ಯಾನ್ ಮಾಡಿದಾಗ ಹೃದಯದ ಸುತ್ತ ದ್ರವ, ಅದರ ಪಕ್ಕದಲ್ಲೇ ಒಂದು ಉದ್ದನೆಯ ಗೆರೆ ಕಂಡಿತು. ಅದು ಬಿದಿರಿನ ಕಡ್ಡಿ! ಎರಡು ವಾರದ ಹಿಂದೆ ನೆಂಟರು ಬಂದಿದ್ದಾಗ ಹೆದ್ದಾರಿ ಪಕ್ಕದ ಹೋಟೆಲಿನಿಂದ ಚಿಕನ್ ಟಿಕ್ಕಾ ತಂದಿದ್ದೆವು. ಕಡ್ಡಿಗಳನ್ನು ಹಿತ್ತಲಿಗೆ ಎಸೆದವನು ನಾನೇ.

ಮೊದಲು ಸೂಜಿ ಚುಚ್ಚಿ ದ್ರವ ತೆಗೆದರು. ಕೆಂಚನ ಉಸಿರು ಹಗುರವಾಯಿತು. ಆಮೇಲೆ ಎದೆ ತೆರೆದು ಕಡ್ಡಿ ತೆಗೆದರು.

ಜಠರಕ್ಕೂ ಹೃದಯಕ್ಕೂ ನಡುವೆ ಇರುವುದು ವಪೆ ಎಂಬ ತೆಳುವಾದ ಸ್ನಾಯುವಿನ ಪರದೆ. ಜಠರ ಅಲುಗಾಡಿದಂತೆಲ್ಲ ಚೂಪಾದ ಕಡ್ಡಿ, ಸೂಜಿ ಮುಂದೆ ಸರಿದು ಅದನ್ನು ದಾಟಿ ಹೃದಯದ ಹೊರಚೀಲಕ್ಕೆ ಚುಚ್ಚಬಹುದು. ಆಗ ಸೋಂಕಾಗಿ ಚೀಲದೊಳಗೆ ಕೀವು, ದ್ರವ ತುಂಬುತ್ತದೆ. ಹೃದಯಕ್ಕೆ ಹಿಗ್ಗಲು ಜಾಗವೇ ಇರುವುದಿಲ್ಲ. ಅನ್ನನಾಳವೂ ಹೃದಯದ ಬುಡದ ಪಕ್ಕದಲ್ಲೇ ಹಾದು ಹೋಗುವುದರಿಂದ ಅಲ್ಲಿ ಸಿಕ್ಕಿಕೊಂಡ ಮೂಳೆಯೂ ಅಪಾಯವೇ. ನಾಯಿಗಳಲ್ಲಿ ಇಂಥದ್ದು ಅಪರೂಪ. ಆದರೆ ಆದಾಗ ಪ್ರಾಣಕ್ಕೇ ಬರುತ್ತದೆ.

ಇದನ್ನೆಲ್ಲ ಕೇಳಿದ ಅಪ್ಪ, "ಹಸ ತಂತಿ ನುಂಗಿದ್ರೆ ಎದೆಗೆ ಚುಚ್ಚುತ್ತೆ ಅಂತ ನಮಗೆ ಗೊತ್ತಿತ್ತು. ನಾಯಿಗೂ ಹಂಗೇ ಆಯ್ತದೆ ಅಂತ ಹೊಳೀಲೇ ಇಲ್ಲ ನೋಡು" ಅಂದರು. ನಾನು ಗೂಗಲ್ ಮಾಡುವ ಬದಲು ಅಪ್ಪನ ಜೊತೆ ಇನ್ನೆರಡು ನಿಮಿಷ ಮಾತಾಡಿದ್ದರೆ ಕಡ್ಡಿಯ ನೆನಪು ಬರುತ್ತಿತ್ತೇನೋ.

ನಿಮ್ಮ ಮನೆಯಲ್ಲೂ ನಾಯಿ ಇದ್ದರೆ ಇಷ್ಟು ನೆನಪಿಡಿ. ಚೂಪಾದ ವಸ್ತು ನುಂಗಿದ್ದರೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಬೇಡಿ. ಬಾಯಲ್ಲಿ ದಾರ ನೇತಾಡುತ್ತಿದ್ದರೆ ಎಳೆಯಬೇಡಿ, ತುದಿಯಲ್ಲಿ ಸೂಜಿ ಇರಬಹುದು. ಮರದ ಕಡ್ಡಿ ಎಕ್ಸ್‌ರೇಯಲ್ಲಿ ಕಾಣದೇ ಇರಬಹುದು. ಹಾಗಾಗಿ ಏನು ತಿಂದಿರಬಹುದು ಎಂಬ ಸಣ್ಣ ಅನುಮಾನವಿದ್ದರೂ ಡಾಕ್ಟರಿಗೆ ಹೇಳಿ. ವಾಂತಿ, ಭೇದಿ ಇಲ್ಲದಿದ್ದರೂ ಸುಸ್ತು, ಏದುಸಿರು, ಹೊಟ್ಟೆ ಊತ ಕಂಡರೆ ಕಾಯಬೇಡಿ.

ಕೆಂಚ ಈಗ ಮತ್ತೆ ಗೇಟಿನ ಹತ್ತಿರ ಬೊಗಳುತ್ತಿದ್ದಾನೆ. ಮನೆಗೆ ಟಿಕ್ಕಾ ತಂದ ದಿನ ಅಪ್ಪ ಕಡ್ಡಿಗಳನ್ನು ಒಂದೊಂದಾಗಿ ಎಣಿಸಿ ಬಚ್ಚಲೊಲೆಗೆ ಹಾಕುತ್ತಾರೆ.