ನಗರಾಭಿವೃದ್ಧಿಯಲ್ಲಿ ಪಾಲುದಾರರು ಯಾರು?

ವ್ಯಾಪಾರದ ಅನುಭವವುಳ್ಳ ನಮ್ಮ ವಾಚಕರಿಗೆ ಪಾಲುದಾರಿಕೆಯೆಂದರೇನೆಂಬುದನ್ನು ವಿವರಿಸಿ ಹೇಳಬೇಕಾಗಿಲ್ಲ. ಇಬ್ಬರು ಕೂಡಿ ಒಂದು ಅಂಗಡಿಯನ್ನಿಟ್ಟರೆ ಲಾಭದಲ್ಲಿಯೂ ನಷ್ಟದಲ್ಲಿಯೂ ಇಬ್ಬರಿಗೂ ಪಾಲುಂಟು. ಅಷ್ಟೇ ಅಲ್ಲದೆ, ಅಂಗಡಿಯ ಕಿರ್ದಿ ಖಾತೆಗಳನ್ನು ತೆಗೆಸಿ ನೋಡುವ ಹಕ್ಕು ಇಬ್ಬರಿಗೂ ಉಂಟು. ಬೇರೆ ಕರಾರಿಲ್ಲದ ಪಕ್ಷದಲ್ಲಿ ಈ ಹಕ್ಕು ಪ್ರತಿಯೊಬ್ಬ ಪಾಲುದಾರನಿಗೂ ಸಲ್ಲತಕ್ಕದ್ದೆಂದು 1932ರ ಪಾಲುದಾರಿಕೆಯ ಕಾಯಿದೆಯು ಸ್ಪಷ್ಟವಾಗಿ ಹೇಳಿದೆ. ಲೆಕ್ಕವನ್ನು ನೋಡಗೊಡದೆ ನಷ್ಟವನ್ನು ಮಾತ್ರ ಹೊರಿಸುವುದಾದರೆ ಅಂಥವನನ್ನು ಪಾಲುದಾರನೆಂದು ಯಾವ ವರ್ತಕನೂ ಕರೆಯಲಾರನು.

ಈ ಸಾಮಾನ್ಯ ಸಂಗತಿಯನ್ನು ಇಲ್ಲಿ ನೆನೆಯುವುದಕ್ಕೆ ಕಾರಣವುಂಟು. ನಗರಗಳ ಅಭಿವೃದ್ಧಿಯನ್ನು ಕುರಿತು ಈಗ ನಡೆಯುವ ಚರ್ಚೆಗಳಲ್ಲೆಲ್ಲ ಪಾಲುದಾರಿಕೆಯೆಂಬ ಮಾತು ಪದೇ ಪದೇ ಕೇಳಿಬರುತ್ತಿದೆ. 2015ರಲ್ಲಿ ವಿಶ್ವಸಂಸ್ಥೆಯ ರಾಷ್ಟ್ರಗಳು ಒಪ್ಪಿಕೊಂಡ 17 ಗುರಿಗಳಲ್ಲಿ 11ನೆಯದು ನಗರಗಳು ಬಹುಕಾಲ ಬಾಳುವಂತೆಯೂ ಸರ್ವರನ್ನೂ ಒಳಗೊಳ್ಳುವಂತೆಯೂ ಇರಬೇಕೆಂಬುದಾದರೆ, 17ನೆಯದು ಅದಕ್ಕೆ ಬೇಕಾದ ಪಾಲುದಾರಿಕೆಯನ್ನು ಕುರಿತದ್ದು. ಈ ಧ್ಯೇಯದಲ್ಲಿ ನಮಗೆ ಭಿನ್ನಾಭಿಪ್ರಾಯವಿಲ್ಲ. ಆದರೆ ಕಾರ್ಯಕ್ಕಿಳಿಯುವಾಗ ಪಾಲುದಾರರೆಂದು ಪರಿಗಣಿಸಲ್ಪಡುವವರು ಸಾಧಾರಣವಾಗಿ ಸರಕಾರ, ಸಾಲ ಕೊಡುವ ಸಂಸ್ಥೆ ಮತ್ತು ಗುತ್ತಿಗೆ ಹಿಡಿಯುವ ಕಂಪನಿ, ಈ ಮೂವರೇ. ತೆರಿಗೆ ಕೊಡುವ ಪೌರನೂ ಬೀದಿ ಗುಡಿಸುವ ಕಾರ್ಮಿಕಳೂ ಊರಾಚೆಯ ಹಳ್ಳಿಗನೂ ಆ ಕರಾರಿನಲ್ಲಿ ಎಲ್ಲಿದ್ದಾರೆಂಬುದೇ ನಾವಿಂದು ಕೇಳಬಯಸುವ ಪ್ರಶ್ನೆ. ಇದಕ್ಕೆ ಬೆಂಗಳೂರಿನ ನಿದರ್ಶನವನ್ನು ತೆಗೆದುಕೊಳ್ಳೋಣ.

1898ರಲ್ಲಿ ಆ ನಗರಕ್ಕೆ ಪ್ಲೇಗು ಬಂದಾಗ ಇಕ್ಕಟ್ಟಾದ ಹಳೆಯ ಪೇಟೆಯ ಜನರಿಗೆ ಗಾಳಿ ಬೆಳಕುಗಳುಳ್ಳ ಹೊಸ ಬಡಾವಣೆಗಳ ಅವಶ್ಯಕತೆ ಎದ್ದು ಕಾಣಿಸಿತು. ಬಸವನಗುಡಿ, ಮಲ್ಲೇಶ್ವರಗಳು ಆ ಕಾಲದಲ್ಲಿ ಬೆಳೆದವು. ಅಗಲವಾದ ಬೀದಿಗಳನ್ನು ಮುಂದಾಲೋಚನೆಯಿಂದ ನಿರ್ಮಿಸಿದ ಅಂದಿನ ಆಡಳಿತವನ್ನು ನಾವು ಪ್ರಶಂಸಿಸದೆ ಇರಲಾರೆವು. ಆದರೆ ಅದು ಅರಸೊತ್ತಿಗೆಯ ಕಾಲ. ಪ್ರಜೆಯು ಕೊಟ್ಟುದನ್ನು ಸ್ವೀಕರಿಸಬೇಕಾಗಿತ್ತಲ್ಲದೆ ಲೆಕ್ಕ ಕೇಳುವ ಸ್ಥಿತಿಯಲ್ಲಿರಲಿಲ್ಲ. ಈಗ ಪ್ರಜಾಪ್ರಭುತ್ವವು ಬಂದು ಮುಕ್ಕಾಲು ಶತಮಾನ ಕಳೆದಿದೆ. 2011ರ ಖಾನೇಷುಮಾರಿಯಲ್ಲಿ ಸುಮಾರು 84 ಲಕ್ಷ ಜನರಿದ್ದ ಆ ಮಹಾನಗರದಲ್ಲಿ ಪೌರನ ಸ್ಥಾನವು ಎಷ್ಟರ ಮಟ್ಟಿಗೆ ಬದಲಾಗಿದೆಯೆಂಬುದು ವಿಚಾರಾರ್ಹವಾಗಿದೆ.

ಮೊದಲು ನೀರಿನ ಮಾತು. 2007ರಲ್ಲಿ ಬೆಂಗಳೂರಿನ ಸುತ್ತಲಿನ ಏಳು ನಗರಸಭೆಗಳನ್ನೂ ಒಂದು ಪುರಸಭೆಯನ್ನೂ 110 ಹಳ್ಳಿಗಳನ್ನೂ ನಗರದೊಳಗೆ ಸೇರಿಸಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯನ್ನು ರಚಿಸಿದರು. ಹಳ್ಳಿಗಳಿಗೆ ನಗರದ ಹೆಸರು ಬಂದಿತು. ನಗರದ ತೆರಿಗೆಯೂ ಬಂದಿತು. ಆದರೆ ಮುಖ್ಯವಾಗಿ ಆ 110 ಹಳ್ಳಿಗಳಿಗಾಗಿ ಕೈಕೊಂಡ ಕಾವೇರಿಯ ಐದನೆಯ ಹಂತದ ಯೋಜನೆಯು ಉದ್ಘಾಟನೆಯಾದುದು 2024ರ ಅಕ್ಟೋಬರಿನಲ್ಲಿ. ನಡುವೆ ಹದಿನೇಳು ವರ್ಷಗಳು ಸಂದವು. ಅಷ್ಟು ಕಾಲ ಅಲ್ಲಿಯ ಬಹುಪಾಲು ಜನರು ಕೊಳವೆಬಾವಿಗಳನ್ನೂ ಟ್ಯಾಂಕರುಗಳನ್ನೂ ನಂಬಿ ಬಾಳಿದರು. 2024ರ ಬೇಸಗೆಯಲ್ಲಿ ಕೊಳವೆಬಾವಿಗಳು ಬತ್ತಿದಾಗ ಒಂದು ಟ್ಯಾಂಕರು ನೀರಿಗಾಗಿ ಅವರು ಪಟ್ಟ ಪಾಡನ್ನು ದೇಶವೇ ಕಂಡಿತು. ಜಪಾನಿನ ಸಾಲದಿಂದ ನಡೆದ ಈ ಯೋಜನೆಯು ದಿನವೊಂದಕ್ಕೆ 77.5 ಕೋಟಿ ಲೀಟರು ನೀರನ್ನು ಸುಮಾರು 100 ಕಿಲೋಮೀಟರು ದೂರದಿಂದ ಎತ್ತಿ ತರುವಂಥದು. ಇಂಥ ದೊಡ್ಡ ಕಾರ್ಯಕ್ಕೆ ಪರದೇಶದ ಬಂಡವಾಳವನ್ನು ತಂದುದು ತಪ್ಪೆಂದು ನಾವು ಹೇಳುವುದಿಲ್ಲ. ಆದರೆ ಸಾಲ ಕೊಟ್ಟವರಿಗೆ ಕೆಲಸದ ವರದಿಯನ್ನು ಕೇಳುವ ಹಕ್ಕು ಕರಾರಿನಿಂದಲೇ ದೊರೆಯುತ್ತದೆ. ಸಾಲ ತೀರಿಸಬೇಕಾದ ಹಳ್ಳಿಯ ನಿವಾಸಿಯು ವಿಳಂಬವೇಕೆಂದು ಯಾರನ್ನು ಕೇಳಬೇಕಾಗಿತ್ತು?

ಕಸದ ಕಥೆಯು ಇದಕ್ಕಿಂತಲೂ ಶೋಚನೀಯವಾದುದು. ನಗರದ ಕಸವನ್ನು ವರ್ಷಗಟ್ಟಲೆ ಮಾವಳ್ಳಿಪುರ, ಮಂಡೂರು ಮೊದಲಾದ ಹಳ್ಳಿಗಳ ಪಕ್ಕದಲ್ಲಿ ಸುರಿದರು. ಕಸದಿಂದ ವಿದ್ಯುತ್ತನ್ನು ಉತ್ಪಾದಿಸುವೆವೆಂದು ಮಂಡೂರಿನಲ್ಲಿ ಗುತ್ತಿಗೆಯೂ ಆಯಿತು. ವಿದ್ಯುತ್ತು ಬರಲಿಲ್ಲ, ಕಸದ ಗುಡ್ಡ ಮಾತ್ರ ಬೆಳೆಯಿತು. ಬಾವಿಗಳ ನೀರು ಕೆಟ್ಟು, ದುರ್ಗಂಧದಿಂದ ಬೇಸತ್ತ ಹಳ್ಳಿಗರು ದಾರಿಗಡ್ಡವಾಗಿ ನಿಂತರು. 2012ರಲ್ಲಿ ಮಾವಳ್ಳಿಪುರದ ಬಾಗಿಲು ಮುಚ್ಚಿದಾಗ ಬೆಂಗಳೂರಿನ ಬೀದಿಗಳಲ್ಲಿ ಕಸವು ರಾಶಿ ರಾಶಿಯಾಗಿ ಬಿದ್ದಿತು. 2014ರ ಕೊನೆಯಲ್ಲಿ ಮಂಡೂರೂ ಮುಚ್ಚಿತು. ಕಸ ಹಾಕುವವರು, ಕಸ ಸಾಗಿಸುವ ಗುತ್ತಿಗೆದಾರರು, ಹಣ ಕೊಡುವ ಪಾಲಿಕೆಯವರು ಎಲ್ಲರೂ ಆ ವ್ಯವಸ್ಥೆಯಲ್ಲಿದ್ದರು. ಕಸವನ್ನು ಸಹಿಸಬೇಕಾದವನ ಒಪ್ಪಿಗೆಯನ್ನು ಮಾತ್ರ ಯಾರೂ ಕೇಳಿರಲಿಲ್ಲ. ಆತನಿಗೆ ಸಭೆಯಲ್ಲಿ ಸ್ಥಾನವಿಲ್ಲದುದರಿಂದಲೇ ಆತನು ರಸ್ತೆಯಲ್ಲಿ ಕುಳಿತುಕೊಳ್ಳಬೇಕಾಯಿತೆಂಬುದನ್ನು ಅಧಿಕಾರಿಗಳು ಮರೆಯಬಾರದು.

ಆದರೆ ಇದೇ ಕಸದ ವಿಷಯದಲ್ಲಿ ಬೆಂಗಳೂರು ಒಂದು ಸನ್ಮಾರ್ಗವನ್ನೂ ತೋರಿಸಿಕೊಟ್ಟಿದೆಯೆಂಬುದನ್ನು ಸಂತೋಷದಿಂದ ಹೇಳಬೇಕಾಗಿದೆ. ಬೆಳಗಿನ ಜಾವದಲ್ಲೆದ್ದು ಬೀದಿಯ ಕಸದಿಂದ ಕಾಗದ, ಗಾಜು, ಪ್ಲಾಸ್ಟಿಕ್ಕುಗಳನ್ನು ಆಯ್ದು ಜೀವಿಸುವ ಬಡವರನ್ನು ಪೋಲೀಸರು ಕಳ್ಳರಂತೆ ಕಾಣುವ ವಾಡಿಕೆಯಿತ್ತು. 2011ರಿಂದೀಚೆಗೆ ಪಾಲಿಕೆಯವರು ಇಂಥವರ ಹೆಸರುಗಳನ್ನು ಬರೆದುಕೊಂಡು ಗುರುತಿನ ಚೀಟಿಗಳನ್ನು ಕೊಡಲಾರಂಭಿಸಿದರು. ಹಸಿ ಕಸ, ಒಣ ಕಸಗಳನ್ನು ಮನೆಯಲ್ಲಿಯೇ ಬೇರ್ಪಡಿಸಬೇಕೆಂದು ಉಚ್ಚ ನ್ಯಾಯಾಲಯವು 2012ರಲ್ಲಿ ಆಜ್ಞಾಪಿಸಿತು. ವಾರ್ಡುಗಳಲ್ಲಿ ತೆರೆದ ಒಣ ಕಸದ ಕೇಂದ್ರಗಳಲ್ಲಿ ಹಲವನ್ನು ಈ ಚಿಂದಿ ಆಯುವವರೇ ವಹಿಸಿಕೊಂಡು ನಡೆಯಿಸಿದರು. ಗುಡ್ಡವಾಗಬೇಕಾಗಿದ್ದ ಕಸವು ಸರಕಾಗಿ ಮಾರಾಟವಾಯಿತು. ಬಡವನಿಗೆ ಗೌರವದ ಉದ್ಯೋಗವೂ ಸಿಕ್ಕಿತು. ಹಾಗೆಯೇ, ಬಹುಕಾಲ ಗುತ್ತಿಗೆದಾರರ ಮರ್ಜಿಯಲ್ಲಿದ್ದ ಪೌರಕಾರ್ಮಿಕರ ಪೈಕಿ ಹನ್ನೆರಡು ಸಾವಿರಕ್ಕೂ ಹೆಚ್ಚು ಜನರಿಗೆ 2025ರ ಮೇ 1ರಂದು ಕಾಯಂ ನೌಕರಿಯ ಆದೇಶಗಳು ದೊರೆತುವು. ಇದು ದಯೆಯಿಂದ ಕೊಟ್ಟುದಲ್ಲ. ವರ್ಷಗಟ್ಟಲೆ ಸಂಘ ಕಟ್ಟಿ ಹೋರಾಡಿ ಅವರು ಪಡೆದುಕೊಂಡುದು.

ಕಾಯಿದೆಯಲ್ಲಿಯೂ ದಾರಿಯುಂಟು. ಬೀದಿ ವ್ಯಾಪಾರಿಗಳಿಗಾಗಿ ಸಂಸತ್ತು 2014ರಲ್ಲಿ ಮಾಡಿದ ಶಾಸನವನ್ನು ನೋಡಿರಿ. ಪ್ರತಿಯೊಂದು ಪಟ್ಟಣದ ವ್ಯಾಪಾರ ಸಮಿತಿಯಲ್ಲಿ ಶೇಕಡ 40ಕ್ಕೆ ಕಡಿಮೆಯಿಲ್ಲದಷ್ಟು ಸದಸ್ಯರು ಬೀದಿ ವ್ಯಾಪಾರಿಗಳೇ ಆಗಿರಬೇಕು. ಅವರನ್ನು ವ್ಯಾಪಾರಿಗಳೇ ಚುನಾಯಿಸಬೇಕು. ಅವರಲ್ಲಿ ಮೂರನೆಯ ಒಂದು ಪಾಲು ಸ್ತ್ರೀಯರಿರಬೇಕು. ಇರುವ ವ್ಯಾಪಾರಿಗಳ ಗಣತಿಯಾಗಿ ಅವರಿಗೆ ಪ್ರಮಾಣಪತ್ರ ಸಿಗುವವರೆಗೆ ಯಾರನ್ನೂ ಎಬ್ಬಿಸತಕ್ಕದ್ದಲ್ಲ. ತರಕಾರಿಯ ಬುಟ್ಟಿಯನ್ನು ಹೊತ್ತ ಹೆಂಗಸಿಗೆ ನಗರದ ಯೋಜನೆಯನ್ನು ಮಾಡುವ ಮೇಜಿನ ಮುಂದೆ ಕುರ್ಚಿಯನ್ನಿಟ್ಟ ಶಾಸನವಿದು. ಅದರ ಅಕ್ಷರವನ್ನು ಪಾಲಿಸಿದರೆ ಸಾಲದು. ಆ ಕುರ್ಚಿಯಲ್ಲಿ ಕುಳಿತವಳ ಮಾತನ್ನು ಕೇಳುವ ಅಭ್ಯಾಸವು ಅಧಿಕಾರಿಗಳಿಗೆ ಆಗಬೇಕು.

ಇವೆಲ್ಲಕ್ಕೂ ತಳಹದಿಯಾದುದು ಚುನಾಯಿತ ಪೌರಸಭೆ. 1993ರಲ್ಲಿ ಜಾರಿಗೆ ಬಂದ ರಾಜ್ಯಾಂಗದ 74ನೆಯ ತಿದ್ದುಪಡಿಯು ಪೌರಸಭೆಯ ಅವಧಿ ಐದು ವರ್ಷಗಳೆಂದೂ, ಆ ಅವಧಿ ಮುಗಿಯುವ ಮೊದಲೇ ಹೊಸ ಚುನಾವಣೆ ಮುಗಿಯತಕ್ಕದ್ದೆಂದೂ ವಿಧಿಸಿದೆ. ಮೂರು ಲಕ್ಷಕ್ಕೆ ಮೇಲ್ಪಟ್ಟ ಜನಸಂಖ್ಯೆಯ ನಗರಗಳಲ್ಲಿ ವಾರ್ಡು ಸಮಿತಿಗಳಿರಬೇಕೆಂದೂ ಹೇಳಿದೆ. ಹೀಗಿದ್ದೂ 2015ರಲ್ಲಿ ಆರಿಸಿಬಂದ ಬೆಂಗಳೂರಿನ ಪಾಲಿಕೆಯ ಅವಧಿಯು 2020ರ ಸೆಪ್ಟೆಂಬರಿನಲ್ಲಿ ಮುಗಿದ ಮೇಲೆ ಚುನಾವಣೆಯಾಗದೆ, ಆಡಳಿತಾಧಿಕಾರಿಗಳೇ ನಗರವನ್ನು ನಡೆಯಿಸಿದರು. 2024ರ ಹೊಸ ಶಾಸನದ ಮೇರೆಗೆ 2025ರ ಸೆಪ್ಟೆಂಬರಿನಲ್ಲಿ ಆ ಒಂದು ಪಾಲಿಕೆಯ ಸ್ಥಾನದಲ್ಲಿ ಐದು ಪಾಲಿಕೆಗಳು ಹುಟ್ಟಿದುವು. ಹುಟ್ಟಿದ ದಿನ ಆ ಐದರಲ್ಲಿಯೂ ಜನರು ಆರಿಸಿದ ಸದಸ್ಯನೊಬ್ಬನೂ ಇರಲಿಲ್ಲ. ಐದು ವರ್ಷಗಳ ಆಯವ್ಯಯಗಳೂ ರಸ್ತೆ, ಕಸ, ಕೆರೆಗಳ ಕರಾರುಗಳೂ ಪೌರರ ಪ್ರತಿನಿಧಿಗಳ ಚರ್ಚೆಯಿಲ್ಲದೆ ಆಗಿಹೋದುವು.

ಅಧಿಕಾರಿಗಳ ಆಡಳಿತವೇ ಚೊಕ್ಕಟವಾದುದು, ಚುನಾಯಿತರು ಬಂದರೆ ಪಕ್ಷಪಾತವೂ ಲಂಚವೂ ಬರುತ್ತವೆ, ಎಂದು ಹೇಳುವ ಸಭ್ಯರು ನಮ್ಮ ವಾಚಕರಲ್ಲಿಯೂ ಇದ್ದಾರೆ. ಅವರ ಅಸಮಾಧಾನವು ನಿರಾಧಾರವೆಂದು ನಾವು ಹೇಳಲಾರೆವು. ಆದರೆ ಇದೇ ವಾದವನ್ನು ಹಿಂದೆ ಬ್ರಿಟಿಷರು ನಮ್ಮ ಮೇಲೆ ಹೂಡುತ್ತಿದ್ದರೆಂಬುದನ್ನು ಅವರು ನೆನೆಯಬೇಕು. ಆ ವಾದಕ್ಕೆ ನಮ್ಮ ಮುಖಂಡರು ಪೌರಸಭೆಗಳಲ್ಲಿ ಕೆಲಸ ಮಾಡಿಯೇ ಉತ್ತರ ಕೊಟ್ಟರು. ರಾಜಗೋಪಾಲಾಚಾರ್ಯರು ಸೇಲಂ ಮ್ಯುನಿಸಿಪಾಲಿಟಿಯನ್ನೂ, ವಲ್ಲಭಭಾಯಿ ಪಟೇಲರು 1924ರಿಂದ 1928ರ ವರೆಗೆ ಅಹಮದಾಬಾದಿನದನ್ನೂ, ಜವಾಹರಲಾಲರು ಅಲಹಾಬಾದಿನದನ್ನೂ ಅಧ್ಯಕ್ಷರಾಗಿ ನಡೆಯಿಸಿದರು. ಚರಂಡಿ, ನಲ್ಲಿ, ದೀಪಗಳ ಲೆಕ್ಕದಲ್ಲಿ ಅವರು ಪಡೆದ ಶಿಕ್ಷಣವು ಮುಂದೆ ದೇಶದ ಆಡಳಿತಕ್ಕೆ ಒದಗಿತು. ಕೆಟ್ಟ ಸದಸ್ಯನನ್ನು ಐದು ವರ್ಷಕ್ಕೊಮ್ಮೆ ಮನೆಗೆ ಕಳುಹಿಸಬಹುದು. ವರ್ಗವಾಗಿ ಹೋದ ಅಧಿಕಾರಿಯನ್ನು ವಾರ್ಡಿನವರು ಎಲ್ಲಿ ಹುಡುಕಬೇಕು?

ಬಂಡವಾಳದ ಸಹಾಯ ಬೇಡವೆಂದು ನಾವು ಹೇಳುತ್ತಿಲ್ಲ. ನೀರು, ಕಸ, ಸಂಚಾರಗಳಿಗೆ ಬೇಕಾದ ಹಣವನ್ನೂ ಯಂತ್ರಜ್ಞಾನವನ್ನೂ ಪೌರಸಭೆಗಳು ತಾವೇ ಒದಗಿಸಿಕೊಳ್ಳಲಾರವು. ನಮ್ಮ ಬೇಡಿಕೆಗಳು ಬಹಳ ದೊಡ್ಡವಲ್ಲ. ಒಂದನೆಯದಾಗಿ, ಪೌರಸಭೆಗಳ ಚುನಾವಣೆಗಳು ಯಾವ ನೆಪದಿಂದಲೂ ಅವಧಿಯನ್ನು ಮೀರಬಾರದು. ಎರಡನೆಯದಾಗಿ, ವಾರ್ಡು ಸಮಿತಿಯು ತಿಂಗಳಿಗೊಮ್ಮೆ ಬಹಿರಂಗವಾಗಿ ಸೇರಿ, ಆ ವಾರ್ಡಿನಲ್ಲಿ ಖರ್ಚಾದ ಹಣದ ಲೆಕ್ಕವನ್ನು ಓದಿ ಹೇಳಬೇಕು. ಮೂರನೆಯದಾಗಿ, ಪೌರಸಭೆಯು ಕಂಪನಿಗಳೊಡನೆ ಮಾಡಿಕೊಳ್ಳುವ ಕರಾರುಗಳನ್ನು ಕನ್ನಡದಲ್ಲಿ ಬರೆಯಿಸಿ ವಾರ್ಡಿನ ಕಚೇರಿಯಲ್ಲಿ ಯಾರು ಬೇಕಾದರೂ ನೋಡುವಂತೆ ಇಡಬೇಕು. ನಾಲ್ಕನೆಯದಾಗಿ, ಕಸವನ್ನಾಗಲಿ ಕೊಳಚೆ ನೀರನ್ನಾಗಲಿ ಯಾವ ಹಳ್ಳಿಯ ಪಕ್ಕಕ್ಕೆ ಕಳುಹಿಸಬೇಕಾದರೂ ಆ ಹಳ್ಳಿಯ ಪಂಚಾಯಿತಿಯ ಒಪ್ಪಿಗೆಯನ್ನು ಮೊದಲು ಪಡೆಯಬೇಕು.

ಈ ವಿಷಯದಲ್ಲಿ ಪೌರರ ಹೊಣೆಯೂ ಕಡಿಮೆಯದಲ್ಲ. ಲೆಕ್ಕ ನೋಡುವ ಹಕ್ಕನ್ನು ಕೇಳುವವರು ಲೆಕ್ಕ ನೋಡುವ ಶ್ರಮಕ್ಕೂ ಸಿದ್ಧರಾಗಿರಬೇಕು. ವಾರ್ಡಿನ ಸಭೆಗೆ ಹತ್ತು ಜನರೂ ಬರದಿದ್ದರೆ, ಮನೆಯ ಕಸವನ್ನು ಬೇರ್ಪಡಿಸುವಷ್ಟು ತಾಳ್ಮೆಯೂ ನಮ್ಮಲ್ಲಿಲ್ಲದಿದ್ದರೆ, ಅಧಿಕಾರಿಗಳನ್ನು ಮಾತ್ರ ದೂರುವುದು ನ್ಯಾಯವಾಗಲಾರದು. ಬೆಂಗಳೂರಿನಲ್ಲಿ ಆದುದು ನಾಳೆ ಹುಬ್ಬಳ್ಳಿಯಲ್ಲಿಯೋ ಮಂಗಳೂರಿನಲ್ಲಿಯೋ ಕಲಬುರಗಿಯಲ್ಲಿಯೋ ಆಗದೆ ಇರದು. ಸರಕಾರದವರು ನಗರದ ಜನರನ್ನು ನಿಜವಾಗಿಯೂ ಪಾಲುದಾರರೆಂದು ಭಾವಿಸುವುದಾದರೆ ಕಿರ್ದಿ ಖಾತೆಗಳನ್ನು ಅವರ ಮುಂದೆ ತೆರೆದಿಡಲಿ. ಜನರೂ ಅವನ್ನು ಓದುವುದಕ್ಕೆ ಮುಂದೆ ಬರುವರೆಂದು ನಾವು ನಂಬಿದ್ದೇವೆ.