ಮುಪ್ಪಿನ ಕಾಲಕ್ಕೆ ತಕ್ಕ ಮನೆ



ಮುಂದಿನ ಮಳೆಗೆ ಬಿತ್ತನೆ ಬೀಜ ಎತ್ತಿಡುತ್ತೀರಿ. ಬೇಸಿಗೆಯಲ್ಲಿ ದನಗಳಿಗೆಂದು ಹುಲ್ಲಿನ ಬಣವೆ ಒಟ್ಟುತ್ತೀರಿ. ಮಗಳ ಮದುವೆಗೆಂದು ವರ್ಷಗಳ ಮುಂಚಿನಿಂದಲೇ ಹಣ ಕೂಡಿಸುತ್ತೀರಿ. ಆದರೆ ಎಪ್ಪತ್ತು ವರ್ಷ ದಾಟಿದ ಮೇಲೆ ನೀವು ಎಲ್ಲಿ ಮಲಗಬೇಕು, ರಾತ್ರಿ ಹೊತ್ತು ಬಚ್ಚಲಿಗೆ ಹೇಗೆ ಹೋಗಬೇಕು, ಆ ಮನೆ ಯಾರ ಹೆಸರಿನಲ್ಲಿರಬೇಕು ಎಂಬುದನ್ನು ಮುಂಚೆಯೇ ಯೋಚಿಸಿಟ್ಟವರು ನಮ್ಮ ಹಳ್ಳಿಗಳಲ್ಲಿ ಬಹಳ ಕಡಿಮೆ. ಇಲ್ಲಿ ಆ ವಿಚಾರವನ್ನೇ ನಿಮ್ಮ ಮುಂದೆ ಇಡಲಾಗಿದೆ.

ಇದು ಒಂದೆರಡು ಮನೆಗಳ ಮಾತಲ್ಲ. 2011ರ ಜನಗಣತಿಯ ಪ್ರಕಾರ ನಮ್ಮ ದೇಶದಲ್ಲಿ 60 ವರ್ಷ ತುಂಬಿದವರು ಸುಮಾರು 10 ಕೋಟಿ 40 ಲಕ್ಷ ಮಂದಿ. ಅವರಲ್ಲಿ ನೂರಕ್ಕೆ 71 ಮಂದಿ ಹಳ್ಳಿಗಳಲ್ಲೇ ಇದ್ದರು. ಕರ್ನಾಟಕದಲ್ಲಿ ನೂರು ಜನರಿಗೆ ಒಂಬತ್ತೂವರೆಯಷ್ಟು ವೃದ್ಧರು. ಆಮೇಲಿನ ವರ್ಷಗಳಲ್ಲಿ ಈ ಪಾಲು ಬೆಳೆದಿದೆಯೇ ಹೊರತು ಕುಗ್ಗಿಲ್ಲ.

ಹಿಂದೆ ತೊಟ್ಟಿ ಮನೆಯಲ್ಲಿ ಮುದುಕರಿಗೆ ಜಗಲಿ ಇತ್ತು, ಪಡಸಾಲೆ ಇತ್ತು. ಬಂದುಹೋಗುವವರ ಮುಖ ನೋಡಿಕೊಂಡು ದಿನ ಕಳೆಯುತ್ತಿತ್ತು. ಈಗ ಹಳೆಯ ಮನೆ ಕೆಡವಿ ತಾರಸಿ ಮನೆ ಕಟ್ಟುವಾಗ ಮೊದಲು ಮಾಯವಾಗುವುದೇ ಜಗಲಿ. ಹೊಸಕೋಟೆ, ನೆಲಮಂಗಲ, ದೊಡ್ಡಬಳ್ಳಾಪುರ, ಆನೇಕಲ್ಲಿನಂಥ ಪಟ್ಟಣಗಳ ಅಂಚಿನ ಹಳ್ಳಿಗಳಲ್ಲಿ ಇನ್ನೂ ಒಂದು ತೊಡಕುಂಟು. ಜಮೀನು ಮಾರಿದ ಹಣದಲ್ಲಿ ಎರಡು ಮೂರು ಅಂತಸ್ತು ಎಬ್ಬಿಸಿ, ಕೆಳಗಿನದನ್ನು ಅಂಗಡಿಗೆ ಬಾಡಿಗೆಗೆ ಕೊಟ್ಟು, ತಾವು ಮೇಲೆ ವಾಸಮಾಡುವವರು ಹೆಚ್ಚುತ್ತಿದ್ದಾರೆ. ಬಾಡಿಗೆ ಬರುತ್ತದೆ, ನಿಜ. ಆದರೆ ಮಂಡಿ ನೋವಿನ ತಾಯಿ ಒಮ್ಮೆ ಮೆಟ್ಟಿಲು ಹತ್ತಿದರೆ ತಿಂಗಳುಗಟ್ಟಲೆ ಕೆಳಗಿಳಿಯುವುದಿಲ್ಲ. ಕೆಳಗಿನ ಒಂದು ಕೋಣೆಯನ್ನಾದರೂ ಬಾಡಿಗೆಗೆ ಕೊಡದೆ ಉಳಿಸಿಕೊಳ್ಳಿರಿ. ಆ ಕೋಣೆಯಿಂದ ತಪ್ಪುವ ಬಾಡಿಗೆಯನ್ನು ನಷ್ಟವೆಂದು ಲೆಕ್ಕ ಹಾಕುವುದು ಸರಿಯಲ್ಲ.

ಈಗ ಕಟ್ಟುವ ವಿಚಾರ. ವಯಸ್ಸಾದವರಿಗೆ ಬೇಕಾದುದು ದೊಡ್ಡ ಮನೆಯಲ್ಲ, ಬೀಳದಂತೆ ಓಡಾಡುವ ಮನೆ. ಮುಪ್ಪಿನಲ್ಲಿ ಮೂಳೆ ಸವೆದಿರುತ್ತದೆ. ಒಮ್ಮೆ ಜಾರಿ ಬಿದ್ದು ಸೊಂಟದ ಕೀಲು ಮುರಿದರೆ ಹಾಸಿಗೆ ಹಿಡಿದವರು ಏಳುವುದು ಕಷ್ಟ. ಮನೆಯೊಳಗೆ ಬೀಳಲು ಹೆಚ್ಚು ಆಸ್ಪದವಿರುವ ಜಾಗ ಬಚ್ಚಲು ಮತ್ತು ಪಾಯಿಖಾನೆ, ಅದರಲ್ಲೂ ರಾತ್ರಿ ಹೊತ್ತು. ಆದುದರಿಂದ ಹಿತ್ತಿಲ ಕೊನೆಯಲ್ಲಿ ಪಾಯಿಖಾನೆ ಕಟ್ಟಿ, ಮಲಗುವ ಕೋಣೆಯನ್ನು ಬೀದಿ ಕಡೆಗೆ ಇಡಬೇಡಿ. ವೃದ್ಧರು ಮಲಗುವ ಮಂಚದಿಂದ ಪಾಯಿಖಾನೆಗೆ ಹತ್ತು ಹದಿನೈದು ಹೆಜ್ಜೆಗಿಂತ ಹೆಚ್ಚು ದೂರವಿಲ್ಲದಂತೆ, ನಡುವೆ ಹೊಸ್ತಿಲು, ಮೆಟ್ಟಿಲು ಯಾವುದೂ ಇಲ್ಲದಂತೆ ನೋಡಿಕೊಳ್ಳಿ. ಕುಕ್ಕರಗಾಲಿನಲ್ಲಿ ಕೂತು ಏಳಲಾಗದವರಿಗೆ ಒಂದೂವರೆ ಅಡಿ ಎತ್ತರದ ಕಮೋಡು ಬೇಕು. ಅದರ ಪಕ್ಕದ ಗೋಡೆಗೆ ಒಂದೂವರೆ ಇಂಚಿನ ಕಬ್ಬಿಣದ ಕೊಳವೆಯನ್ನು ಹಿಡಿಕೆಯಾಗಿ ಬಿಗಿಸಿ. ಗೋಡೆಗೂ ಕೊಳವೆಗೂ ನಡುವೆ ಎರಡು ಇಂಚು ಸಂದು ಇರಲಿ, ಇಲ್ಲವಾದರೆ ಬೆರಳು ತೂರುವುದಿಲ್ಲ. ಮೈಭಾರ ಬಿದ್ದರೂ ಕೀಳದಂತೆ ಸಿಮೆಂಟು ತುಂಬಿ ಕೂರಿಸಬೇಕು. ಹಗುರವಾದ ತಿರುಪು ಸಾಲದು. ಬಚ್ಚಲ ಬಾಗಿಲು ಹೊರಕ್ಕೆ ತೆರೆಯುವಂತಿರಲಿ. ಒಳಗೆ ಬಿದ್ದವರು ಬಾಗಿಲಿಗೆ ಅಡ್ಡವಾದರೆ ಒಳಕ್ಕೆ ತೆರೆಯುವ ಬಾಗಿಲನ್ನು ನೂಕಲು ಬರುವುದಿಲ್ಲ. ಚಿಲಕವೂ ಹೊರಗಿನಿಂದ ತೆಗೆಯಲು ಬರುವಂಥದಾಗಿರಬೇಕು.

ನೆಲಕ್ಕೆ ಕನ್ನಡಿಯಂತೆ ಹೊಳೆಯುವ ಟೈಲ್ಸ್ ಹಾಕಿಸುವ ಚಪಲ ಈಗ ಎಲ್ಲೆಲ್ಲೂ ಕಾಣುತ್ತದೆ. ಒಂದು ಚೊಂಬು ನೀರು ಚೆಲ್ಲಿದರೆ ಸಾಕು, ಮುದುಕರಿಗೆ ಅದು ಕೆಸರುಗದ್ದೆಗಿಂತ ಹೆಚ್ಚು ಅಪಾಯ. ಶಹಾಬಾದಿನ ಒರಟು ಕಲ್ಲು ಅಥವಾ ಗೀರು ಎಳೆದ ಸಿಮೆಂಟು ನೆಲ ಅಗ್ಗವೂ ಹೌದು, ಜಾರುವುದೂ ಇಲ್ಲ.

ಮೆಟ್ಟಿಲಿನ ಎತ್ತರ ಆರು ಇಂಚಿಗಿಂತ ಹೆಚ್ಚಿರಬಾರದು. ಕಾಲಿಡುವ ಜಾಗ ಒಂದು ಅಡಿ ಇರಲಿ. ಊರುಗೋಲು ಹಿಡಿದವರಿಗೆ, ಗಾಲಿ ಕುರ್ಚಿಯಲ್ಲಿ ಕೂತವರಿಗೆ ಇಳಿಜಾರು ದಾರಿ ಬೇಕು. ಇದರ ಲೆಕ್ಕ ಸುಲಭ: ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದ. ನಿಮ್ಮ ಮನೆಯ ಅಡಿಪಾಯ ನೆಲದಿಂದ ಒಂದೂವರೆ ಅಡಿ ಎತ್ತರವಿದ್ದರೆ ಇಳಿಜಾರು 18 ಅಡಿ ಉದ್ದ ಬೇಕಾಗುತ್ತದೆ. ಎರಡೂವರೆ ಅಡಿ ಎತ್ತರಿಸಿದ್ದರೆ 30 ಅಡಿ. ಅಷ್ಟು ಜಾಗ ಮುಂದುಗಡೆ ಇಲ್ಲದಿದ್ದರೆ ಪಕ್ಕದ ಗೋಡೆಗುಂಟ ತಿರುಗಿಸಿ ತರಬಹುದು. ಬೀದಿಯಲ್ಲಿ ಎಲ್ಲರಿಗಿಂತ ಎತ್ತರವಾಗಿ ಕಾಣಲೆಂದು ಅಡಿಪಾಯ ಏರಿಸುವವರು ಈ ಲೆಕ್ಕವನ್ನು ಮೊದಲೇ ಹಾಕುವುದು ಒಳ್ಳೆಯದು. ಬಾಗಿಲು ಮೂರು ಅಡಿ ಅಗಲವಿದ್ದರೆ ಗಾಲಿ ಕುರ್ಚಿ ಸರಾಗವಾಗಿ ಒಳಗೆ ಬರುತ್ತದೆ. ಮಂಚದ ಸಮೇತ ಎತ್ತಿಕೊಂಡು ಹೋಗಬೇಕಾದ ಸಂದರ್ಭದಲ್ಲೂ ಅನುಕೂಲ.

ಇವೆಲ್ಲಕ್ಕೂ ಆಗುವ ಖರ್ಚು ಗೃಹಪ್ರವೇಶದ ಶಾಮಿಯಾನ ಮತ್ತು ಊಟದ ಖರ್ಚಿಗಿಂತ ಕಡಿಮೆ. ಆದರೆ ಕಟ್ಟುವಾಗಲೇ ಮಾಡಿಸಬೇಕು. ಆಮೇಲೆ ಗೋಡೆ ಒಡೆದು ಮಾಡಿಸಲು ಹೋದರೆ ಎರಡು ಪಟ್ಟು ಖರ್ಚು, ಅದೂ ಮೇಸ್ತ್ರಿ ಸಿಕ್ಕರೆ.

ತಗಡಿನ ಮಾಡಿನ ಕೆಳಗೆ ವೃದ್ಧರನ್ನು ಮಲಗಿಸಿರುವವರಿಗೆ ಒಂದು ಮಾತು. ವಯಸ್ಸಾದ ದೇಹ ಸೆಕೆಯನ್ನು ತಡೆಯಲಾರದು, ಬಾಯಾರಿಕೆಯೂ ಸರಿಯಾಗಿ ತಿಳಿಯುವುದಿಲ್ಲ. ತಗಡಿಗೆ ಬೇಸಿಗೆಗೆ ಮುಂಚೆ ಬಿಳಿ ಸುಣ್ಣ ಬಳಿಯಿರಿ. ಒಳಗಡೆ ಬಿದಿರಿನ ತಟ್ಟಿ ಕಟ್ಟಿ, ಎದುರುಬದುರು ಎರಡು ಕಿಟಕಿ ಇಡಿ. ಮಂಗಳೂರು ಹೆಂಚು ಹೊದಿಸಲು ಶಕ್ತಿಯಿದ್ದರೆ ಇನ್ನೂ ಮೇಲು.

ಮನೆಯೇ ಇಲ್ಲದ ವೃದ್ಧರು ಏನು ಮಾಡಬೇಕು? 1985ರಲ್ಲಿ ಆರಂಭವಾದ ಇಂದಿರಾ ಆವಾಸ್ ಯೋಜನೆ 2016ರಲ್ಲಿ ಪ್ರಧಾನ ಮಂತ್ರಿ ಆವಾಸ್ ಯೋಜನೆ (ಗ್ರಾಮೀಣ) ಎಂದಾಯಿತು. ಬಯಲು ಸೀಮೆಯಲ್ಲಿ ಮನೆಯೊಂದಕ್ಕೆ ಕೊಡುವ ನೆರವು 1,20,000 ರೂಪಾಯಿ. ಮನೆ ಕನಿಷ್ಠ 25 ಚದರ ಮೀಟರು, ಅಂದರೆ ಸುಮಾರು 270 ಚದರ ಅಡಿ ಇರಬೇಕು. 2024ರಲ್ಲಿ ಪರಿಷ್ಕರಿಸಿದ ನಿಯಮದಂತೆ ಎರಡೂವರೆ ಎಕರೆ ಅಥವಾ ಅದಕ್ಕಿಂತ ಹೆಚ್ಚು ನೀರಾವರಿ ಜಮೀನು, ಇಲ್ಲವೇ ಐದು ಎಕರೆ ಅಥವಾ ಅದಕ್ಕಿಂತ ಹೆಚ್ಚು ಖುಷ್ಕಿ ಜಮೀನು ಇರುವ ಕುಟುಂಬಕ್ಕೆ ಇದು ಸಿಗುವುದಿಲ್ಲ. ಇದಲ್ಲದೆ ರಾಜ್ಯ ಸರ್ಕಾರದ ಬಸವ ವಸತಿ, ಡಾ. ಬಿ. ಆರ್. ಅಂಬೇಡ್ಕರ್ ನಿವಾಸ, ದೇವರಾಜ ಅರಸು ವಸತಿ ಯೋಜನೆಗಳೂ ಇವೆ. ಇವು 2000ನೇ ಇಸವಿಯಲ್ಲಿ ಸ್ಥಾಪನೆಯಾದ ರಾಜೀವ್ ಗಾಂಧಿ ಗ್ರಾಮೀಣ ವಸತಿ ನಿಗಮದ ಮೂಲಕ ನಡೆಯುತ್ತವೆ. ವಿಧವೆಯರೂ ಅಂಗವಿಕಲರೂ ದೇವರಾಜ ಅರಸು ಯೋಜನೆಯನ್ನು ವಿಚಾರಿಸುವುದು ಮೇಲು.

ಕಾಗದದ ಮೇಲೆ ಸರಿ. ಆದರೆ ಹಣ ಕಟ್ಟಡ ಏಳುತ್ತ ಹೋದಂತೆ ಕಂತುಕಂತಾಗಿ, ಛಾಯಾಚಿತ್ರ ತೆಗೆದ ಮೇಲೆ ಬರುತ್ತದೆ. ಒಂಟಿ ಮುದುಕಿ ತಳಪಾಯ ಅಗೆಸುವುದೆಲ್ಲಿ, ಇಟ್ಟಿಗೆ ಹೊರಿಸುವುದೆಲ್ಲಿ? ಮಂಜೂರಾದ ಮನೆ ಏಳದೇ ಉಳಿಯುವುದು ಇಂಥ ಕಡೆಯೇ. ಇದಕ್ಕೆ ಆವಾಸ್ ಯೋಜನೆಯ ಮಾರ್ಗಸೂಚಿಯಲ್ಲಿ ಒಂದು ದಾರಿಯಿದೆ. ಫಲಾನುಭವಿ ವೃದ್ಧರೋ ಅಶಕ್ತರೋ ಅಂಗವಿಕಲರೋ ಆಗಿದ್ದು ತಾವೇ ಕಟ್ಟಿಸಿಕೊಳ್ಳಲಾರದಿದ್ದರೆ, ಆ ಮನೆಯನ್ನು ಗಾರೆ ಕೆಲಸದ ತರಬೇತಿಯ ಭಾಗವಾಗಿ ಕಟ್ಟಿಸಬಹುದು. ಅದೂ ಆಗದಿದ್ದರೆ ಕಟ್ಟಲು ನೆರವಾಗುವ ಹೊಣೆ ಪಂಚಾಯಿತಿ ಮತ್ತು ಕ್ಷೇತ್ರ ಸಿಬ್ಬಂದಿಯ ಮೂಲಕ ಸರ್ಕಾರದ್ದು. ಈ ಮಾತು ಗ್ರಾಮಸಭೆಯಲ್ಲಿ ಏಳುವುದೇ ಇಲ್ಲ. ನಿಮ್ಮ ಊರಿನಲ್ಲಿ ಅಂಥವರಿದ್ದರೆ ಅವರ ಪರವಾಗಿ ನೀವು ಎದ್ದುನಿಂತು ಕೇಳಿ, ನಡಾವಳಿಯಲ್ಲಿ ಬರೆಸಿರಿ.

ಪಟ್ಟಣದಲ್ಲಿ ಬಾಡಿಗೆ ಮನೆ ಹಿಡಿಯುವ ವೃದ್ಧರ ಸ್ಥಿತಿ ಇನ್ನೂ ಬಿಗಿ. 2007ರಲ್ಲಿ ಆರಂಭವಾದ ಸಂಧ್ಯಾ ಸುರಕ್ಷಾ ಯೋಜನೆಯಲ್ಲಿ 65 ವರ್ಷ ತುಂಬಿದ ಬಡವರಿಗೆ 2021ರಿಂದ ತಿಂಗಳಿಗೆ 1,200 ರೂಪಾಯಿ ಬರುತ್ತಿದೆ. ಸಣ್ಣ ರೈತರೂ ನಾಡಕಚೇರಿಯಲ್ಲಿ ಅರ್ಜಿ ಕೊಡಬಹುದು. ಅದು ಊಟ, ಔಷಧಕ್ಕೇ ಸಾಲದು, ಬಾಡಿಗೆಗೆಲ್ಲಿ? ಹೀಗಾಗಿ ಕೆಲವರು ಜಮೀನು ಮಾರಿದ ಹಣವನ್ನು ಭೋಗ್ಯಕ್ಕೆ ಹಾಕುತ್ತಾರೆ: ಒಟ್ಟಿಗೆ ಒಂದು ಮೊತ್ತ ಕೊಟ್ಟು, ಬಾಡಿಗೆಯಿಲ್ಲದೆ ಎರಡು ಮೂರು ವರ್ಷ ಇದ್ದು, ಬಿಡುವಾಗ ಹಣ ವಾಪಸು ಪಡೆಯುವುದು. ಲೆಕ್ಕ ಚೆನ್ನಾಗಿಯೇ ಇದೆ. ಆದರೆ ಬರೀ ಛಾಪಾ ಕಾಗದದ ಮೇಲೆ ಬರೆದುಕೊಂಡರೆ ಸಾಲದು. ಉಪನೋಂದಣಿ ಕಚೇರಿಯಲ್ಲಿ ನೋಂದಾಯಿಸಬೇಕು. ಅದಕ್ಕೂ ಮುಂಚೆ ಋಣಭಾರ ಪ್ರಮಾಣಪತ್ರ ತೆಗೆಸಿ, ಆ ಮನೆ ಬ್ಯಾಂಕಿಗೆ ಅಡವಿದೆಯೇ ನೋಡಿ. ಅಡವಿದ್ದ ಮನೆ ಹರಾಜಾದರೆ ಮುದಿ ವಯಸ್ಸಿನಲ್ಲಿ ಹಣವೂ ಇಲ್ಲ, ಸೂರೂ ಇಲ್ಲ.

ಕೊನೆಗೆ ಎಲ್ಲಕ್ಕಿಂತ ಮುಖ್ಯವಾದ ವಿಷಯ, ಇರುವ ಮನೆಯನ್ನು ಬರೆದುಕೊಡುವುದು. ಮಗ ಬ್ಯಾಂಕಿನಲ್ಲಿ ಸಾಲ ಪಡೆಯಬೇಕೆಂದೋ ಅಣ್ಣತಮ್ಮಂದಿರು ಮುಂದೆ ಜಗಳವಾಡಬಾರದೆಂದೋ ತಂದೆತಾಯಿಗಳು ದಾನಪತ್ರಕ್ಕೆ ಹೆಬ್ಬೆಟ್ಟು ಒತ್ತುತ್ತಾರೆ. ದಾನಪತ್ರಕ್ಕೂ ಮರಣಶಾಸನಕ್ಕೂ ಇರುವ ಅಂತರವನ್ನು ಚೆನ್ನಾಗಿ ತಿಳಿಯಿರಿ. ದಾನಪತ್ರ ನೋಂದಣಿಯಾದೊಡನೆ ಮನೆ ಅವರದಾಯಿತು, ನೀವು ಅವರ ಮನೆಯಲ್ಲಿ ಇರುವವರಾದಿರಿ. ಮರಣಶಾಸನ ನೀವು ತೀರಿದ ಮೇಲೆ ಮಾತ್ರ ನಡೆಯುವಂಥದು. ಬದುಕಿರುವವರೆಗೆ ಎಷ್ಟು ಸಲ ಬೇಕಾದರೂ ಬದಲಾಯಿಸಬಹುದು. ಅದಕ್ಕೆ ಇಬ್ಬರು ಸಾಕ್ಷಿಗಳ ರುಜು ಬೇಕು, ನೋಂದಣಿ ಕಡ್ಡಾಯವಲ್ಲ. ಪಿತ್ರಾರ್ಜಿತ ಆಸ್ತಿಯಾದರೆ 2005ರ ತಿದ್ದುಪಡಿಯಿಂದ ಹೆಣ್ಣುಮಕ್ಕಳಿಗೂ ಸಮಪಾಲು ಇರುವುದರಿಂದ ಒಬ್ಬರ ಇಚ್ಛೆಯಂತೆ ಪೂರ್ತಿ ಬರೆದುಕೊಡಲು ಬರುವುದಿಲ್ಲ.

ದಾನಪತ್ರವನ್ನೇ ಮಾಡಬೇಕಾಗಿ ಬಂದರೆ, 2007ರ ತಂದೆತಾಯಿಗಳ ಮತ್ತು ಹಿರಿಯ ನಾಗರಿಕರ ಪೋಷಣೆ ಹಾಗೂ ಕಲ್ಯಾಣ ಕಾಯಿದೆಯ 23ನೇ ಕಲಮನ್ನು ನೆನಪಿನಲ್ಲಿಡಿ. 60 ವರ್ಷ ತುಂಬಿದವರು ತಮ್ಮನ್ನು ನೋಡಿಕೊಳ್ಳಬೇಕೆಂಬ ಷರತ್ತಿನ ಮೇಲೆ ಆಸ್ತಿ ಕೊಟ್ಟಿದ್ದು, ಪಡೆದವರು ನೋಡಿಕೊಳ್ಳದೆ ಹೋದರೆ ನ್ಯಾಯಮಂಡಳಿ ಆ ಪತ್ರವನ್ನು ರದ್ದುಪಡಿಸಬಹುದು. ಇಲ್ಲಿ ಷರತ್ತು ಎಂಬ ಮಾತೇ ಮುಖ್ಯ. 2022ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು, ಅಂಥ ಷರತ್ತು ಇತ್ತೆಂದು ತೋರಿಸದಿದ್ದರೆ ಈ ಕಲಮು ಅನ್ವಯಿಸದು ಎಂದಿತು. ಮಧ್ಯಪ್ರದೇಶದ ತಾಯಿಯೊಬ್ಬರು 2019ರಲ್ಲಿ ಮಗನಿಗೆ ದಾನಪತ್ರ ಮಾಡಿದ್ದರು. ಕೊನೆಯವರೆಗೆ ನೋಡಿಕೊಳ್ಳುವೆನೆಂಬ ಮಾತಿನ ಪತ್ರವೂ ಇತ್ತು. ಆ ಪ್ರಕರಣದಲ್ಲಿ 2025ರ ಜನವರಿಯಲ್ಲಿ ಅದೇ ಕೋರ್ಟು ದಾನವನ್ನು ರದ್ದುಮಾಡಿ ಆಸ್ತಿಯನ್ನು ತಾಯಿಗೆ ಹಿಂದಿರುಗಿಸಿತು. ಎರಡು ಸಾಲು ಬರಹ ಇತ್ತೋ ಇಲ್ಲವೋ ಎಂಬುದರ ಮೇಲೆ ಎಷ್ಟು ನಿಂತಿದೆ ನೋಡಿ.

ಹಾಗಾದರೆ ಪತ್ರ ಬರೆಯುವವರಿಗೆ ಏನೆಂದು ಹೇಳಬೇಕು? ‘ನಾನು ಮತ್ತು ನನ್ನ ಪತ್ನಿ ಜೀವಂತ ಇರುವವರೆಗೆ ಈ ಮನೆಯಲ್ಲಿ ವಾಸಿಸುವ ಹಕ್ಕು ನಮಗಿರತಕ್ಕದ್ದು, ದಾನ ಪಡೆದವರು ನಮ್ಮ ಅನ್ನ, ಬಟ್ಟೆ, ಔಷಧೋಪಚಾರ ನಡೆಸತಕ್ಕದ್ದು, ತಪ್ಪಿದಲ್ಲಿ ಈ ದಾನ ರದ್ದಾಗತಕ್ಕದ್ದು’ ಎಂಬರ್ಥದ ಮಾತು ಇರಲೇಬೇಕೆಂದು ಹೇಳಿ, ವಕೀಲರಿಂದ ಒಮ್ಮೆ ಓದಿಸಿ ನೋಡಿ. ಮಗನ ಮೇಲೆ ಅಪನಂಬಿಕೆಯೇ ಎಂದು ಯಾರಾದರೂ ಕೇಳಿದರೆ ಬೇಸರಪಡಬೇಡಿ. ನಂಬಿಕೆಯಿರುವ ಮಗ ಈ ಸಾಲಿಗೆ ತಕರಾರು ಎತ್ತುವುದಿಲ್ಲ.

ಈಗಾಗಲೇ ಕಷ್ಟಕ್ಕೆ ಸಿಕ್ಕಿರುವವರು ಉಪವಿಭಾಗಾಧಿಕಾರಿಗಳ ಕಚೇರಿಗೆ ಅರ್ಜಿ ಕೊಡಬೇಕು. ನ್ಯಾಯಮಂಡಳಿಯ ಅಧ್ಯಕ್ಷರು ಅವರೇ. ಪೋಷಣೆಯ ಅರ್ಜಿಯನ್ನು ನೋಟೀಸು ಜಾರಿಯಾದ 90 ದಿನಗಳೊಳಗೆ ತೀರ್ಮಾನಿಸಬೇಕೆಂದು ಕಾಯಿದೆ ಹೇಳುತ್ತದೆ. ತಿಂಗಳಿಗೆ 10,000 ರೂಪಾಯಿವರೆಗೆ ಕೊಡಿಸಬಹುದು. ಮಕ್ಕಳಿಲ್ಲದ ವೃದ್ಧರು ತಮ್ಮ ಆಸ್ತಿಗೆ ವಾರಸುದಾರರಾಗುವ ನೆಂಟರಿಂದಲೂ ಪೋಷಣೆ ಕೇಳಬಹುದು. ಹೋಗುವಾಗ ವಯಸ್ಸಿನ ದಾಖಲೆ, ದಾನಪತ್ರದ ನಕಲು, ಪಂಚಾಯಿತಿಯ ಇ-ಸ್ವತ್ತು ಪ್ರತಿ ಜೊತೆಗಿರಲಿ. ಹೋಗಿಬರಲು ಶಕ್ತಿಯಿಲ್ಲದವರು 14567ಕ್ಕೆ ದೂರವಾಣಿ ಮಾಡಿದರೆ ಹಿರಿಯ ನಾಗರಿಕರ ಸಹಾಯವಾಣಿಯವರು ಮುಂದಿನ ದಾರಿ ತಿಳಿಸುತ್ತಾರೆ. ಈ ಕರೆಗೆ ಹಣ ಬೀಳುವುದಿಲ್ಲ.